ಮೂರು ಕೂಗು

ನನ್ನ ಕಿವಿಯಲ್ಲಿ ಒಂದು ಹೆಣ್ಣು ದನಿ ಇದೆ. ಹೊರಗಿನ ಸದ್ದು ಒಳಕ್ಕೆ ಬರದ ಕಿವಿ ಇದು. ಮನೆ ಮುಂದೆ ಲಾರಿ ಹೋದರೂ ನೆಲ ಅದುರುವುದರಿಂದಲೇ ನನಗೆ ತಿಳಿಯಬೇಕು. ಆದರೂ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ, ಬೆನ್ನ ಹಿಂದೆ ನಿಂತು ಹೇಳಿದಷ್ಟು ಸ್ಪಷ್ಟವಾಗಿ "ಬಂದೆನ್ರೀ" ಎನ್ನುತ್ತದೆ. ಒಂದೇ ಸಲ. ತಿರುಗಿ ನೋಡುವುದನ್ನು ಈಗ ಬಿಟ್ಟಿದ್ದೇನೆ.

ಉಬ್ರಾಣಿಯಲ್ಲಿ ನಾವು ಚಿಕ್ಕವರಿದ್ದಾಗ ನಮ್ಮವ್ವ ಒಂದು ಮಾತು ಹೇಳಿಕೊಟ್ಟಿದ್ದಳು. ಮುಸ್ಸಂಜೆಯಲ್ಲಿ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬಾರದು. ದೆವ್ವ ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಮುಂದೆ ಸರ್ಕಾರಿ ಕೆಲಸಕ್ಕೆ ಸೇರಿದಾಗ ನನಗೆ ಕೊಟ್ಟ ಕೆಲಸವೂ ಅದೇ ಆಗಿತ್ತು. ಕಚೇರಿಯ ದಲಾಯತ ನಾನು. ಎದೆಗೆ ಅಡ್ಡ ಪಟ್ಟಿ, ಪಟ್ಟಿಗೆ ಹಿತ್ತಾಳೆ ಬಿಲ್ಲೆ. ಮೆಟ್ಟಿಲ ತಲೆಯಲ್ಲಿ ನಿಂತು, ಕೆಳಗಿನ ಬಯಲಲ್ಲಿ ಕಾದು ಕೂತವರ ಹೆಸರನ್ನು ಮೂರು ಸಲ ಕೂಗಬೇಕು. ಮೂರಕ್ಕೂ ಬಾರದಿದ್ದರೆ ಒಳಗೆ ಹೋಗಿ "ಗೈರು" ಅನ್ನಬೇಕು. ಆಮೇಲೆ ಸಾಹೇಬರ ಕೆಂಪು ಗೆರೆ.

ಚನ್ನಗಿರಿ, ಹೊನ್ನಾಳಿ, ಜಗಳೂರು ಎಂದು ಮೂರು ತಾಲ್ಲೂಕಿನ ನೀರು ಕುಡಿದಿದ್ದೇನೆ. ಮುಂದೆ ಹೇಳುವ ಸಂಗತಿ ಯಾವ ಊರಿನ ಯಾವ ಕಚೇರಿಯಲ್ಲಿ ನಡೆಯಿತು ಎಂದು ಮಾತ್ರ ಬರೆಯುವುದಿಲ್ಲ. ಮೆಟ್ಟಿಲುಗಳು ಎಲ್ಲ ಕಚೇರಿಗೂ ಇದ್ದವು. ಕ್ಷಯ ಬಂದು ಉಳಿದವರು, ಕಿವಿ ಕಳೆದುಕೊಂಡವರು, ಕಳೆದುಕೊಂಡದ್ದನ್ನು ಬಚ್ಚಿಟ್ಟವರು ಯಾರಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಬಚ್ಚಿಟ್ಟವರು ಮುಖ್ಯವಾಗಿ ಓದಲಿ.

ನನ್ನ ಗಂಟಲು ಆಗ ಹೆಸರುವಾಸಿ. ನಾನು ಕೂಗಿದರೆ ಸಂತೆಮಾಳದಲ್ಲಿ ಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿ ಇಳಿಸಿ ನೋಡುತ್ತಾನೆ ಎಂದು ತಮಾಷೆ ಮಾಡುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಆ ಗಂಟಲಿಗೇ ಕುತ್ತು ಬಂತು. ಮೊದಲು ಸಂಜೆ ಸಂಜೆಗೆ ಸಣ್ಣ ಜ್ವರ. ಆಮೇಲೆ ಕೆಮ್ಮು. ಒಂದು ದಿನ ಯಾವನದೋ ಹೆಸರಿನ ಎರಡನೆಯ ಕೂಗಿನಲ್ಲಿ ಬಾಯಿಗೆ ಉಪ್ಪು ರುಚಿ ಬಂತು. ಕರವಸ್ತ್ರದಲ್ಲಿ ನೋಡಿದೆ, ಕೆಂಪು. ಮಡಚಿ ಜೇಬಿಗೆ ಹಾಕಿ ಮೂರನೆಯ ಕೂಗನ್ನೂ ಕೂಗಿದೆ. ಅಷ್ಟು ನಿಯತ್ತಿನ ನೌಕರ!

ಕಫ ನೋಡಿದ ಡಾಕ್ಟರು ಕ್ಷಯ ಎಂದರು. ದಿನಕ್ಕೊಂದರಂತೆ ತೊಂಬತ್ತು ಸೂಜಿ, ಅದಾದ ಮೇಲೆ ಒಂದೂವರೆ ವರ್ಷ ಮಾತ್ರೆ. ಹೆಂಡತಿ ಹಾಲಮ್ಮ ಸವಳಂಗದ ಕಡೆಯವಳು, ಗಟ್ಟಿಗಿತ್ತಿ. ಸುದ್ದಿ ಕೇಳಿ ಅಳಲಿಲ್ಲ. ನನ್ನ ತಟ್ಟೆ ಲೋಟಕ್ಕೆ ಕೆಂಪು ದಾರ ಕಟ್ಟಿ ಬೇರೆ ಗೂಡಿನಲ್ಲಿಟ್ಟಳು. ನನಗೆ ಸಿಟ್ಟು ಬಂತು. ಮರುದಿನ ನೋಡಿದರೆ ತನ್ನ ತಟ್ಟೆಗೂ ಒಂದು ದಾರ ಕಟ್ಟಿದ್ದಳು. ಯಾಕೆ ಎಂದದ್ದಕ್ಕೆ, ಮಗಳು ಸಣ್ಣದು, ಅಪ್ಪನ ತಟ್ಟೆ ಮಾತ್ರ ಬೇರೆ ಅಂತ ಅದಕ್ಕೆ ಗೊತ್ತಾಗಬಾರದು ಎಂದಳು. ಆ ಹೊತ್ತಿಗೆ ನನಗೆ ಸಿಕ್ಕ ಔಷಧಿ ಅದೊಂದೇ ಅನ್ನಿಸಿತು.

ಆಸ್ಪತ್ರೆಯ ಹಿಂಬದಿಯಲ್ಲಿ ಸೂಜಿಯವರಿಗೆ ಒಂದು ಉದ್ದನೆಯ ಬೆಂಚು. ಎಲ್ಲರ ಕೈಯಲ್ಲೂ ಕಫ ಉಗುಳುವ ಮುಚ್ಚಳದ ಡಬ್ಬಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲಿ ಗುರುತಿನವರು ಸಿಕ್ಕುಬಿಡುತ್ತಾರೋ ಎಂಬ ಅಂಜಿಕೆ. ಕಾಂಪೌಂಡರು ಒಳ್ಳೆಯ ಮನುಷ್ಯ. ಇವತ್ತು ಎಡಗಡೆ, ನಾಳೆ ಬಲಗಡೆ ಎಂದು ನೆನಪಿಟ್ಟು ಚುಚ್ಚುತ್ತಿದ್ದರು, ಚುಚ್ಚುವ ಮುಂಚೆ ಏನಾದರೊಂದು ಚೇಷ್ಟೆಯ ಮಾತು. ಬೆಂಚಿನಲ್ಲಿ ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದರು. ಗುಣವಾಗಿ ಹೋದರೋ ಹಾಗೇ ಹೋದರೋ ಎಂದು ನಾನು ಕೇಳುತ್ತಿರಲಿಲ್ಲ.

ನಲವತ್ತು ಸೂಜಿ ದಾಟಿದ ಮೇಲೆ ಕಿವಿಯಲ್ಲಿ ಜೀರುಂಡೆಯಂಥ ಸದ್ದು ಹತ್ತಿಕೊಂಡಿತು. ನಡೆಯುವಾಗ ಹೆಜ್ಜೆ ಅಡ್ಡಾದಿಡ್ಡಿ. ಕುಡಿದಿದ್ದಾನೆ ಎಂದು ಬೀದಿಯವರು ಮಾತಾಡಿಕೊಂಡರಂತೆ. ಕಾಂಪೌಂಡರಿಗೆ ಹೇಳಿದೆ. ಅವರ ಚೇಷ್ಟೆ ಅಲ್ಲಿಗೇ ನಿಂತಿತು. "ಇದನ್ನ ಡಾಕ್ಟ್ರಿಗೆ ಹೇಳ್ರಿ, ಇವತ್ತೇ ಹೇಳ್ರಿ" ಎಂದರು. ನಾನು ಹೇಳಲಿಲ್ಲ. ಹೇಳಿದರೆ ಸೂಜಿ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಸಾಯುತ್ತೇನೆ ಎಂಬ ಲೆಕ್ಕ ನನ್ನದು. ಅತ್ತ ದರಿ, ಇತ್ತ ಪುಲಿ. ಜೀರುಂಡೆ ನಿಂತಿದೆ ಎಂದು ಮರುದಿನ ಕಾಂಪೌಂಡರಿಗೆ ಸುಳ್ಳು ಹೇಳಿದೆ. ತೊಂಬತ್ತೂ ತೆಗೆದುಕೊಂಡೆ. ಎದೆ ವಾಸಿಯಾಯಿತು.

ಕಿವಿ ಒಂದೇ ಏಟಿಗೆ ಹೋಗಲಿಲ್ಲ. ಸಣ್ಣ ದನಿಗಳು ಮೊದಲು ಹೋದವು. ಗುಬ್ಬಿ ಹೋಯಿತು, ಕಂಡಕ್ಟರನ ಸೀಟಿ ಹೋಯಿತು. ಆಮೇಲೆ ಒಂದು ದಿನ ಮಗಳು ಎದುರಿಗೆ ನಿಂತು ಬಾಯಿ ಬಿಡುತ್ತಿದ್ದಾಳೆ, ದನಿಯಿಲ್ಲ. ಅಪ್ಪಾ ಅನ್ನುತ್ತಿದ್ದಾಳೆ ಎಂದು ತುಟಿಯಿಂದ ತಿಳಿಯಿತು. ಗಂಡಸರ ದಪ್ಪ ಮಾತು ಇನ್ನೂ ಕೇಳುತ್ತಿತ್ತು. ಹಾಲಮ್ಮ ಇದನ್ನು ನಾಲ್ಕು ದಿನದಲ್ಲಿ ಕಂಡುಹಿಡಿದು, ಗಂಡಸಿನ ಹಾಗೆ ದನಿ ದಪ್ಪ ಮಾಡಿ ಮಾತಾಡಲು ಶುರುಮಾಡಿದಳು. ಓಣಿಯ ಹೆಂಗಸರು ನಕ್ಕರು. ಅವಳು ಕ್ಯಾರೇ ಅನ್ನಲಿಲ್ಲ. ಆದರೆ ಕಚೇರಿಗೆ ಹೇಳಿಬಿಡಿ ಎಂಬ ಅವಳ ಮಾತನ್ನು ಮಾತ್ರ ನಾನು ಕೇಳಲಿಲ್ಲ. ಕೂಗುವವನಿಗೆ ಕಿವಿ ಇಲ್ಲ ಎಂದರೆ ಯಾವ ಸಾಹೇಬ ಇಟ್ಟುಕೊಳ್ಳುತ್ತಾನೆ? ರಜೆಯಿಂದ ಬಂದ ಮೊದಲ ದಿನಗಳಲ್ಲಿ ಗುಮಾಸ್ತರು ಯಾರೋ ಸುಮ್ಮನೆ ಕಿವಿ ತುರಿಸಿಕೊಂಡರೆ ನನ್ನ ಕೈ ನನ್ನ ಕಿವಿಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬುದು ಸುಳ್ಳಲ್ಲ.

ಬಚ್ಚಿಡಲು ಒಂದು ಉಪಾಯ ಕಂಡುಕೊಂಡೆ. ಹೆಸರು ಕೂಗಿದರೆ ಆ ಹೆಸರಿನವರು ಎದ್ದು ನಿಲ್ಲುತ್ತಾರೆ. ಧೋತರ ಕೊಡವಿಕೊಳ್ಳುತ್ತಾರೆ, ಹೆಂಗಸರಾದರೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಓಗೊಟ್ಟದ್ದನ್ನು ಕೇಳಬೇಕಾಗಿಯೇ ಇಲ್ಲ. ಕೂಗು, ನೋಡು, ಎದ್ದವರಿಗೆ ಕೈಮಾಡು. ಐದಾರು ವರ್ಷ ಹೀಗೇ ನಡೆಯಿತು. ಒಬ್ಬರಿಗೂ ಅನುಮಾನ ಬರಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೂ ಉಂಟು.

ಎಂಬತ್ತರ ಆಚೀಚೆಗೆ ನಮ್ಮ ಕಚೇರಿಯಲ್ಲಿ ಒಂದು ಗುಮಾಸ್ತೆ ಕೆಲಸವನ್ನು ಅಂಗವಿಕಲರಿಗೆಂದು ಮೀಸಲಿಟ್ಟರು. ಅಂಥದ್ದು ಅದೇ ಮೊದಲು. ಸಂದರ್ಶನಕ್ಕೆ ಆರು ಜನರ ಪಟ್ಟಿ. ಬಯಲಲ್ಲಿ ಅವರೂ, ಅವರ ಕಡೆಯವರೂ, ಬೇರೆ ಕೆಲಸಕ್ಕೆ ಬಂದವರೂ ಸೇರಿ ಜಾತ್ರೆಯಂತಿತ್ತು. ಕಚೇರಿಗೆ ಹನ್ನೊಂದು ಮೆಟ್ಟಿಲು. ಅಂಗವಿಕಲರನ್ನು ಹನ್ನೊಂದು ಮೆಟ್ಟಿಲ ಮೇಲಕ್ಕೆ ಕರೆಯುತ್ತಿದ್ದೇವೆ ಎಂಬುದು ಒಳಗೆ ಕೂತವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲನೆಯವನು ಊರುಗೋಲಿನವನು, ಎದ್ದ. ಎರಡನೆಯವನಿಗೆ ಕಣ್ಣು ಮಂಜು, ಅಣ್ಣನ ತೋಳು ಹಿಡಿದು ಎದ್ದ. ಮೂರನೆಯವನೂ ಎದ್ದ. ನಾಲ್ಕನೆಯ ಹೆಸರು ಗೋವಿನಕೋವಿ ಗಿರಿಜಮ್ಮ.

ಕೂಗಿದೆ. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿ ಬಯಲೆಲ್ಲ ಕಣ್ಣಾಡಿಸಿದೆ. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಕೆಲವರು ತಲೆ ಬಗ್ಗಿಸಿ ಏನನ್ನೋ ನೋಡುತ್ತಿದ್ದರು, ಬಿದ್ದ ಚಿಲ್ಲರೆ ಹುಡುಕುತ್ತಿರಬೇಕು ಎಂದುಕೊಂಡೆ. ಮೂರನೆಯ ಸಲ ಕೂಗಿದೆ. ಒಳಗೆ ಹೋಗಿ ಗೈರು ಎಂದೆ. ಕೆಂಪು ಗೆರೆ ಬಿತ್ತು. ಮುಂದಿನವರನ್ನು ಕರಿ ಎಂದರು.

ಹೊರಗೆ ಬಂದರೆ ಆಕೆ ಮೆಟ್ಟಿಲ ಮೇಲಿದ್ದಳು. ಇಪ್ಪತ್ನಾಲ್ಕು ಇಪ್ಪತ್ತೈದರ ಹೆಣ್ಣು, ಎರಡೂ ಕಾಲು ಪೋಲಿಯೋದಿಂದ ಸಣಕಲಾಗಿ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಎರಡೂ ಕೈ ಮೇಲಿನ ಮೆಟ್ಟಿಲಿಗೆ ಊರಿ ಮೈ ಎತ್ತಿಹಾಕುತ್ತಿದ್ದಳು. ಕೈಗೆ ಬಿಡುವಿಲ್ಲದ್ದರಿಂದ ಸರ್ಟಿಫಿಕೇಟಿನ ಫೈಲನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಜೊತೆಗೆ ಬಂದಿದ್ದ ತಂದೆ ಎತ್ತಿಗೆ ನೀರು ತೋರಿಸಲು ಕೆರೆ ಕಡೆ ಹೋಗಿದ್ದರೆಂದು ಆಮೇಲೆ ತಿಳಿಯಿತು. ಫೈಲು ಕೈಗೆ ತೆಗೆದುಕೊಂಡು, ಏದುಸಿರು ಬಿಡುತ್ತ, ನನಗೆ ಏನೋ ಹೇಳಿದಳು.

ಬಂದೆನ್ರೀ ಎಂದು ತುಟಿ ಆಡಿದ್ದು ಕಂಡಿತು. ನನಗೆ ಎಲ್ಲ ಅರ್ಥವಾಯಿತು. ಆಕೆ ಮೂರು ಸಲವೂ ಓಗೊಟ್ಟಿದ್ದಳು. ನನ್ನ ಉಪಾಯಕ್ಕೆ ಎದ್ದು ನಿಲ್ಲುವವರು ಬೇಕಿತ್ತು, ಆಕೆ ಎದ್ದು ನಿಲ್ಲಲಾರದವಳು.

ಒಳಗಿನ ಮೇಜಿಗೆ ನಾಲ್ಕು ಹೆಜ್ಜೆ. ಕೆಂಪು ಶಾಯಿ ಒಣಗಿರಲಿಕ್ಕಿಲ್ಲ. ಸ್ವಾಮಿ, ಬಂದಿದ್ದಾರೆ, ನನಗೆ ಕೇಳಿಸಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿಸಲಿಲ್ಲ ಅಂದರೇನು ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆ ನನ್ನ ನೌಕರಿಯನ್ನು ನುಂಗುತ್ತದೆ. ಹಾಲಮ್ಮ, ಮಗಳು, ಮಾತ್ರೆಯ ದಿನಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಮೂರು ಸಲ ಕೂಗೀನಮ್ಮ, ಮುಗೀತು" ಎಂದೆ. ಎಲ್ಲರಿಗೂ ಕೇಳಲಿ ಎಂದು ಜೋರಾಗಿಯೇ ಅಂದೆ.

ಆಕೆ ತಿರುಗಿ ತಾನು ಹತ್ತಿ ಬಂದ ಮೆಟ್ಟಿಲುಗಳನ್ನು ನೋಡಿದಳು. ನನ್ನತ್ತ ನೋಡಿ ಮತ್ತೆ ಏನೋ ಹೇಳಿದಳು. ನಾನು ಆಕೆಯ ತಲೆಯ ಮೇಲಿಂದ ಐದನೆಯವನ ಹೆಸರು ಕೂಗಿದೆ. ಅವನನ್ನು ಕರೆದುಕೊಂಡು ಒಳಗೆ ಹೋದೆ. ಮತ್ತೆ ಬಂದಾಗ ಮೆಟ್ಟಿಲು ಖಾಲಿಯಾಗಿತ್ತು.

ಕೆಲಸ ಐದನೆಯವನಿಗೇ ಆಯಿತು. ಅವನೂ ಬಡವನೇ, ಒಂದು ಕೈ ಇಲ್ಲದವನು. ಅವನ ಮೇಲೆ ನನಗೆ ಮಾತಿಲ್ಲ. ಒಂದು ವಾರದ ಮೇಲೆ ಹೆಡ್ ಗುಮಾಸ್ತರು ಹಳೆಯ ಅರ್ಜಿಗಳನ್ನು ಕಟ್ಟುತ್ತ, ಗೋವಿನಕೋವಿಯ ಹುಡುಗಿಯ ಅಂಕಗಳು ಎಲ್ಲರಿಗಿಂತ ಹೆಚ್ಚಿದ್ದವು, ಅಕ್ಷರವಂತೂ ಅಚ್ಚಿನ ಹಾಗೆ, ಪಾಪ ಯಾಕೋ ಬರಲಿಲ್ಲ ಎಂದು ನನಗೇ ಹೇಳಿದರು. ಹೌದು ಸ್ವಾಮಿ ಎಂದೆ.

ಆ ತಿಂಗಳಿಂದ ದನಿ ಶುರುವಾಯಿತು. ನಾನು ಎಂದೂ ಕೇಳದ ದನಿ ಅದು, ಕೇಳದಿದ್ದದ್ದೇ ಅದರ ಕಥೆ. ಆದರೂ ಜೀರುಂಡೆಯ ನಡುವಿನಿಂದ ಬಂದು "ಬಂದೆನ್ರೀ" ಎನ್ನುತ್ತಿತ್ತು. ಊಟಕ್ಕೆ ಕೂತಾಗ ಬರುತ್ತಿತ್ತು. ಮುಖಕ್ಕೆ ಸೋಪು ಹಚ್ಚಿಕೊಂಡಾಗ ಬರುತ್ತಿತ್ತು. ಒಂದೇ ಸಲ ಕರೆಯುವುದು ಯಾವುದು ಎಂದು ಅವ್ವ ಹೇಳಿದ್ದಳಲ್ಲ. ಆದರೆ ಆ ಹೆಣ್ಣು ಬದುಕಿದ್ದಾಳೆ. ಬದುಕಿರುವವರ ದೆವ್ವಕ್ಕೆ ಯಾವ ತಾಯಿತ ಕಟ್ಟುವುದು ಎಂದು ಯಾರನ್ನು ಕೇಳಲಿ? ಮೆಟ್ಟಿಲ ಮೇಲೆ ಎರಡನೆಯ ಸಲ ಆಕೆ ಏನೆಂದಳು ಎಂಬುದೂ ಕೊರೆಯುತ್ತಿತ್ತು. ಶಾಪ ಹಾಕಿದಳೆಂದೇ ನಂಬಿದ್ದೆ. ದಪ್ಪ ದನಿಗಳೂ ಒಂದೊಂದಾಗಿ ಅಳಿಸತೊಡಗಿದಾಗ, ಶಾಪ ಹತ್ತಿತು ಎಂದುಕೊಂಡೆ.

ಹಾಲಮ್ಮನಿಗೂ ಹೇಳಿರಲಿಲ್ಲ. ಮೆಟ್ಟಿಲ ತಲೆಯಲ್ಲಿ ನಿಂತರೆ ತಲೆ ತಿರುಗುತ್ತಿತ್ತು, ಕಂಬ ಹಿಡಿದು ಕೂಗುತ್ತಿದ್ದೆ. ಒಬ್ಬೊಬ್ಬರ ಹೆಸರನ್ನು ನಾಲ್ಕು, ಐದು ಸಲ ಕೂಗಿ ಬೈಸಿಕೊಳ್ಳುತ್ತಿದ್ದೆ.

ಜಗಳೂರಿಗೆ ವರ್ಗವಾದ ಮೇಲೆ ಅಲ್ಲಿನ ಸಾಹೇಬರು ಒಂದು ದಿನ ಬೆನ್ನ ಹಿಂದಿನಿಂದ ಕರೆದರಂತೆ. ಎರಡು ಸಲ ಕರೆದರೂ ನಾನು ತಿರುಗಲಿಲ್ಲ. ಒಳಗೆ ಕರೆಸಿ, ಏನೂ ಕೇಳದೆ, ಒಂದು ಚೀಟಿಯಲ್ಲಿ 'ಎಷ್ಟು ದಿನದಿಂದ?' ಎಂದು ಬರೆದು ಮುಂದೆ ಇಟ್ಟರು. ಕೂತುಕೋ ಎಂದು ಕೈಮಾಡಿದರು. ಅಷ್ಟು ವರ್ಷ ಬಾಗಿಲಲ್ಲಿ ನಿಂತವನು ಅವತ್ತು ಮೊದಲ ಬಾರಿಗೆ ಸಾಹೇಬರೊಬ್ಬರ ಎದುರು ಕುರ್ಚಿಯಲ್ಲಿ ಕೂತು, ಸೂಜಿಯಿಂದ ಹಿಡಿದು ಗಿರಿಜಮ್ಮನವರೆಗೆ ಎಲ್ಲ ಹೇಳಿದೆ. ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ರೆಕಾರ್ಡ್ ರೂಮಿಗೆ ಹಾಕಿದರು. ಕಟ್ಟುಗಳಿಗೆ ಕಿವಿ ಬೇಕಿಲ್ಲ, ಕಣ್ಣು ಸಾಕು, ಮೊದಲೇ ಹೇಳಿದ್ದರೆ ಮೊದಲೇ ಆಗುತ್ತಿತ್ತು ಎಂದು ಇನ್ನೊಂದು ಚೀಟಿಯಲ್ಲಿ ಬರೆದರು. ಆ ಕೊನೆಯ ಮಾತು ಓದಿ ನಾನು ಸಣ್ಣ ಮಗುವಿನ ಹಾಗೆ ಅತ್ತೆ.

ಕಿವಿಯ ಸರ್ಟಿಫಿಕೇಟು ತರಬೇಕಾಗಿತ್ತು. ದೊಡ್ಡ ಆಸ್ಪತ್ರೆಗೆ ಹೋದೆ. ಮತ್ತೆ ಬೆಂಚು, ಮತ್ತೆ ಬಾಗಿಲಲ್ಲಿ ಒಬ್ಬ ಜವಾನ ಹೆಸರು ಕೂಗುತ್ತಿದ್ದ. ಅವನ ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತ ಕೂತೆ. ಯಾವ ಬಾಯಿ ನನ್ನದು, ಯಾವುದು ಇನ್ನೊಬ್ಬರದು ಎಂದು ತಿಳಿಯದು. ಪಕ್ಕದಲ್ಲಿ ಕೂತಿದ್ದ ಒಂದು ಕಾಲಿನ ಮನುಷ್ಯ ನನ್ನ ಕೈಯಲ್ಲಿದ್ದ ಕಾಗದದ ಮೇಲಿನ ಹೆಸರು ಓದಿಕೊಂಡಿದ್ದ. ಇದ್ದಕ್ಕಿದ್ದಂತೆ ಊರುಗೋಲು ಎತ್ತಿ ಜವಾನನಿಗೆ ತೋರಿಸಿ, ನನ್ನ ತೋಳು ಅಲುಗಾಡಿಸಿ, ಬಾಗಿಲ ಕಡೆ ಕೈಮಾಡಿದ. ಜವಾನ ತಡೆದು ನಿಂತು ನನಗಾಗಿ ಕಾದ. ಇಷ್ಟೇ ಆಗಬೇಕಾಗಿತ್ತು ಅವತ್ತು. ಇಷ್ಟೇ.

ಮನೆಗೆ ಬಂದು ಹಾಲಮ್ಮನಿಗೆ ಹೇಳಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಲಿಲ್ಲ. ಆಮೇಲೆ ಹತ್ತಿರ ಬಂದು, ಎಡಗಿವಿಗೆ ಬಾಯಿಟ್ಟು, ಅಲ್ಲಿ ಇನ್ನೂ ಉಳಿದಿದ್ದ ಸ್ವಲ್ಪಕ್ಕೆ ತಾಕುವ ಹಾಗೆ, "ಹೋಗಿ ಬರಾನ" ಎಂದಳು.

ನಡೆದದ್ದನ್ನೆಲ್ಲ ಹೇಳಿಕೆಯ ರೀತಿ ಬರೆದು ಸಹಿ ಹಾಕಿದೆ. ಭಾನುವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಗೋವಿನಕೋವಿಯಲ್ಲಿ ಇಳಿದೆವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಗಿರಿಜಮ್ಮ, ಮುಂದೆ ಮಣೆ, ಮಣೆಯ ಮೇಲೆ ಕಾಗದ. ಕೆಳಗೆ ಮೂರ್ನಾಲ್ಕು ಜನ ಅರ್ಜಿ ಬರೆಸಲು ಕಾದಿದ್ದರು. ಊರಿನ ಗುಮಾಸ್ತೆ ಕೆಲಸವೆಲ್ಲ ಅಲ್ಲೇ ನಡೆಯುತ್ತಿತ್ತು, ಹುದ್ದೆ ಮಾತ್ರ ಇರಲಿಲ್ಲ. ಜಗಲಿಗೆ ಮೆಟ್ಟಿಲಿರಲಿಲ್ಲ. ಮಣ್ಣು ಹೇರಿ ಇಳಿಜಾರು ಮಾಡಿ ಸಗಣಿ ಸಾರಿಸಿದ್ದರು.

ಬಿಲ್ಲೆ ಇಲ್ಲದಿದ್ದರೂ ನನ್ನ ಗುರುತು ಹಿಡಿದಳು. ಬೈಯಲಿಲ್ಲ. ಬಂದವರನ್ನು ಕಳಿಸಿ, ನಮಗೆ ಚಾಪೆ ತೋರಿಸಿದಳು. ಕಿವಿ ಕೇಳುವುದಿಲ್ಲ ಎಂದು ಹಾಲಮ್ಮ ಹೇಳಿದ ಮೇಲೆ ಒಳಗಿನಿಂದ ಸ್ಲೇಟು ತರಿಸಿಕೊಂಡಳು. ನಾನು ಹೇಳಿಕೆ ಮುಂದಿಟ್ಟೆ.

ಬೇರೆಯವರ ಅರ್ಜಿ ಓದುವ ಹಾಗೇ ಓದಿದಳು, ಒಂದೊಂದು ಸಾಲಿಗೂ ಬೆರಳಿಟ್ಟು. ಒಂದು ಕಡೆ ಬೆರಳು ನಿಂತಿತು. 'ನಾನು ಹೊರಗೆ ಬಂದಾಗ ಅಭ್ಯರ್ಥಿಯು ಐದನೆಯ ಮೆಟ್ಟಿಲಿನಲ್ಲಿದ್ದರು' ಎಂದು ಬರೆದಿದ್ದೆ. ಐದನ್ನು ಹೊಡೆದುಹಾಕಿ ಮೇಲೆ ಒಂಬತ್ತು ಎಂದು ಬರೆದಳು. ಅಚ್ಚಿನಂಥ ಅಕ್ಷರ. ತಿದ್ದಿದ ಕಡೆ ಸಹಿ ಮಾಡಿ ಎಂದು ತೋರಿಸಿದಳು, ಮಾಡಿದೆ. ಇಷ್ಟು ವರ್ಷ ನನ್ನ ನೆನಪು ಆಕೆಯನ್ನು ನಾಲ್ಕು ಮೆಟ್ಟಿಲು ಕೆಳಗೆ ಇಳಿಸಿಟ್ಟಿತ್ತು.

ಇದರಿಂದ ನಿಮಗೆ ಈಗಲೂ ಏನಾದರೂ ಉಪಯೋಗ ಆಗುತ್ತದೆಯೇ ಎಂದು ಕೇಳಿದೆ. ಸ್ಲೇಟಿನ ಮೇಲೆ ಬರೆದು ತಿರುಗಿಸಿದಳು. 'ನನಗೆ ವಯಸ್ಸು ಮೀರಿದೆ. ಆದರೂ ಇದನ್ನು ಕಚೇರಿಗೆ ಕಳಿಸುತ್ತೇನೆ. ಮುಂದಿನವರನ್ನಾದರೂ ಮೆಟ್ಟಿಲಿಳಿದು ಬಂದು ಕರೆಯಲಿ.' ಓದಿದ ಮೇಲೆ ಒರೆಸಿದಳು.

ಹೊರಡಬೇಕಿತ್ತು. ಹಾಲಮ್ಮ ಎದ್ದೂ ಇದ್ದಳು. ಆದರೆ ಕೇಳದೆ ಹೋದರೆ ಆ ದನಿ ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ ಎಂದು ಗೊತ್ತಿತ್ತು. ಅವತ್ತು ಮುಗೀತು ಅಂದಮೇಲೆ ನೀವು ನನಗೆ ಏನೋ ಅಂದಿರಲ್ಲ, ಶಾಪ ಹಾಕಿದ್ದಾದರೂ ಸರಿ, ಏನೆಂದು ಹೇಳಿಬಿಡಿ ತಾಯಿ ಎಂದೆ.

ಗಿರಿಜಮ್ಮ ಸ್ಲೇಟನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬರೆದಳು. ಈ ಸಲ ಪುಸ್ತಕದ ಮಾತಾಗಿರಲಿಲ್ಲ, ಅವತ್ತು ಬಾಯಿಂದ ಬಂದದ್ದನ್ನೇ ಬರೆದಿದ್ದಳು.

'ಹತ್ತಾಕೆ ಬರ್ತೈತ್ರೀ, ಇಳಿಯಾಕೆ ಬರಲ್ಲ. ಒಂದು ಕೈ ಕೊಡ್ರೀ.'

ಎರಡು ಸಲ ಓದಿದೆ. ಇದನ್ನು ಒಂದೇ ಸಲ ಕೇಳಿದಿರಾ ಎಂದೆ. ನನ್ನ ದನಿ ನನಗೆ ಕೇಳುವುದಿಲ್ಲ, ಹೇಗೆ ಹೊರಟಿತೋ ತಿಳಿಯದು.

ಆಕೆ ಬಳಪ ಕೆಳಗಿಟ್ಟು ಮೂರು ಬೆರಳು ತೋರಿಸಿದಳು.